'ಅಪ್ಪ' ಎಂದರೆ 'ಅಮ್ಮ' ಎಂದು ಕೇಳಿಸುತ್ತಿತ್ತು

ಮಗಳು ನನ್ನನ್ನು ಮೊದಲು ಕರೆದದ್ದು 'ಅಮ್ಮ' ಎಂದು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. 'ಪ' ಎನ್ನಲು ಉಸಿರು ಬಾಯಿಯೊಳಗೆ ಕಟ್ಟಿ ನಿಲ್ಲಬೇಕು. ಅವಳ ಅಂಗುಳದ ಹಿಂಭಾಗ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತಿರಲಿಲ್ಲ. ಗಾಳಿ ಮೂಗಿನಲ್ಲಿ ಸೋರಿ 'ಪ' ಹೋಗಿ 'ಮ' ಆಗುತ್ತಿತ್ತು. ಎಳೆಗೂಸಾಗಿದ್ದಾಗ ಕುಡಿದ ಹಾಲು ಮೂಗಿನಿಂದ ಬರುತ್ತಿದ್ದುದೂ ಇದೇ ಕಾರಣಕ್ಕೆ. ಅದು ನಮಗೆ ತಿಳಿದದ್ದು ಅವಳಿಗೆ ಐದು ತುಂಬಿದ ಮೇಲೆ.

ಹುಟ್ಟಿದ ವಾರದಲ್ಲಿ ಹೃದಯದಲ್ಲಿ ರಂಧ್ರವಿದೆ ಎಂದರು, ನಾಲ್ಕನೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮುಚ್ಚಿದರು. ನಡುವೆ ಒಮ್ಮೆ ಫಿಟ್ಸ್ ಬಂತು. ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ಡ್ರಿಪ್ ಹಾಕಿ ಮನೆಗೆ ಕಳುಹಿಸಿದರು. ಆಮೇಲೆ ಕಿವಿ ಸೋರುವುದು, ಮೇಲಿಂದ ಮೇಲೆ ಎದೆಯ ಸೋಂಕು, ತಡವಾದ ನಡಿಗೆ, ತಡವಾದ ಮಾತು. ಒಂದೊಂದಕ್ಕೂ ಒಂದೊಂದು ಫೈಲ್. ಒಂದು ಫೈಲಿನಲ್ಲಿದ್ದುದು ಇನ್ನೊಂದಕ್ಕೆ ಗೊತ್ತಿರಲಿಲ್ಲ.

ಕೊನೆಗೆ ಮಾತಿನ ತರಬೇತಿ ಕೊಡುವ ಹೆಣ್ಣುಮಗಳೊಬ್ಬರು ಟಾರ್ಚ್ ಹಿಡಿದು ಬಾಯಿ ನೋಡಿದರು. ಕಿರುನಾಲಿಗೆ ತುದಿಯಲ್ಲಿ ಎರಡಾಗಿ ಸೀಳಿತ್ತು. "ಹೃದಯದ ತೊಂದರೆ ಏನಾದರೂ ಇತ್ತೇ?" ಎಂದು ಕೇಳಿದರು. ಬಾಯಿ ನೋಡಿ ಹೃದಯ ಕೇಳಿದ ಮೊದಲಿಗರು ಅವರು.

ಎಲ್ಲಕ್ಕೂ ಕಾರಣ ಒಂದೇ. 22ನೇ ಕ್ರೋಮೋಸೋಮಿನ ಒಂದು ಪ್ರತಿಯಿಂದ ಸಾಮಾನ್ಯವಾಗಿ 30 ಲಕ್ಷದಷ್ಟು ಡಿಎನ್‌ಎ ಅಕ್ಷರಗಳ ತುಣುಕೊಂದು ಬಿಟ್ಟುಹೋಗಿರುತ್ತದೆ. 22ಕ್ಯೂ11.2 ಡಿಲೀಷನ್ ಎನ್ನುತ್ತಾರೆ. 1960ರ ದಶಕದಲ್ಲಿ ಏಂಜೆಲೊ ಡಿಜಾರ್ಜ್ ಎಂಬ ವೈದ್ಯರು ಇದನ್ನು ಎದೆಯಲ್ಲಿರುವ ಥೈಮಸ್ ಮತ್ತು ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಕಡೆಯಿಂದ ಕಂಡರು. 1978ರಲ್ಲಿ ಮಾತಿನ ತಜ್ಞ ರಾಬರ್ಟ್ ಶ್ಪ್ರಿಂಟ್‌ಜೆನ್ ಅಂಗುಳ, ಹೃದಯ, ಮುಖದ ಕಡೆಯಿಂದ. ಹೆಸರೂ ಎರಡಾಯಿತು. ಬಹುಪಾಲು ಎರಡೂ ಒಂದೇ ತುಣುಕಿನ ಕಥೆ ಎಂಬುದು ಆಮೇಲೆ ತಿಳಿಯಿತು. ಭ್ರೂಣದ ಕುತ್ತಿಗೆಯ ಭಾಗದಲ್ಲಿ ಅಕ್ಕಪಕ್ಕದಲ್ಲೇ ಈ ಗ್ರಂಥಿಗಳೂ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳೂ ರೂಪುಗೊಳ್ಳುತ್ತವೆ. ಅಲ್ಲಿ ತಪ್ಪಿದ್ದು ಎಲ್ಲೆಲ್ಲೋ ಕಾಣಿಸಿಕೊಳ್ಳುತ್ತದೆ.

ನನ್ನ ತಕರಾರು ಇಷ್ಟೇ. ಹೃದಯದ ದೋಷವಿರುವ ಮಗುವಿಗೆ ಕ್ಯಾಲ್ಸಿಯಂ ಕಡಿಮೆಯಾಗಿ ಫಿಟ್ಸ್ ಬಂದರೆ ಆ ದಿನವೇ ಈ ತುಣುಕು ಇದೆಯೇ ಎಂದು ನೋಡುವ ಪರೀಕ್ಷೆ ಬರೆದುಕೊಡಬೇಕು. ಥೈಮಸ್ ಚಿಕ್ಕದಾದರೆ ಅಲ್ಲಿ ಬೆಳೆಯುವ, ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳು ಕಡಿಮೆ. ಹೆಚ್ಚಿನ ಮಕ್ಕಳಲ್ಲಿ ಕೊರತೆ ಸೌಮ್ಯವೇ, ಥೈಮಸ್ ಇಲ್ಲವೇ ಇಲ್ಲ ಎನ್ನುವಂಥವರು ತೀರ ವಿರಳ. ಆದರೂ ದಡಾರದಂಥ ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವಂಥದ್ದು) ಹಾಕುವ ಮೊದಲು ಆ ಕಣಗಳನ್ನು ಎಣಿಸಿ ನೋಡಬೇಕು. ಶಸ್ತ್ರಚಿಕಿತ್ಸೆಗೆ ವಿಕಿರಣಕ್ಕೆ ಒಡ್ಡಿದ ರಕ್ತವನ್ನೇ ಕೊಡಬೇಕಾಗಬಹುದು, ಇಲ್ಲವಾದರೆ ದಾನಿಯ ಬಿಳಿ ರಕ್ತಕಣಗಳೇ ಮಗುವಿನ ಮೇಲೆ ತಿರುಗಿಬೀಳುವ ಅಪಾಯವಿದೆ. ನಮ್ಮ ಮಗಳಿಗೆ ಲಸಿಕೆಯೂ ಆಯಿತು, ರಕ್ತವೂ ಆಯಿತು, ಯಾರೂ ಎಣಿಸಲಿಲ್ಲ. ಏನೂ ಆಗಲಿಲ್ಲ ಎಂಬುದು ಅದೃಷ್ಟ, ಚಿಕಿತ್ಸೆಯಲ್ಲ.

ಇನ್ನೊಂದು ಮಾತು. ನಮಗೆ ಮೂರನೇ ವರ್ಷದಲ್ಲೇ 'ಕ್ರೋಮೋಸೋಮ್ ನಾರ್ಮಲ್' ಎಂಬ ವರದಿ ಸಿಕ್ಕಿತ್ತು. ಆ ಒಂದು ಸಾಲನ್ನು ನಂಬಿ ಎರಡು ವರ್ಷ ಕಳೆದೆವು. ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸಾಮಾನ್ಯ ಕ್ಯಾರಿಯೋಟೈಪ್‌ನಲ್ಲಿ ಇಷ್ಟು ಸಣ್ಣ ತುಣುಕು ಕಾಣುವುದಿಲ್ಲ. ಅದನ್ನು ಹಿಡಿಯುವ ಪರೀಕ್ಷೆಗಳನ್ನು ಫಿಶ್ ಅಥವಾ ಮೈಕ್ರೋಅರೇ ಎಂದು ಹೆಸರು ಹಿಡಿದು ಕೇಳಿ.

ಗರ್ಭಿಣಿಯಾಗಿದ್ದಾಗ ಏನು ತಿಂದೆ, ಎಲ್ಲಿಗೆ ಹೋದೆ ಎಂದು ನನ್ನ ಹೆಂಡತಿಯನ್ನು ಕೇಳಿದವರಿಗೆ: ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಇದು ಹೊಸದಾಗಿ ಘಟಿಸುತ್ತದೆ. ಉಳಿದವರಲ್ಲಿ ತಂದೆಯಿಂದಲೂ ಬರಬಹುದು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಅಂಗುಳದ ಶಸ್ತ್ರಚಿಕಿತ್ಸೆ ಆಗಿದೆ. ದಿನವೂ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ಅಭ್ಯಾಸ; ಗಾಳಿ ಸೋರಿದರೆ ಕನ್ನಡಿ ಮಂಜಾಗುತ್ತದೆ. ನಿನ್ನೆ 'ಅಪ್ಪ' ಎಂದಳು. ಕನ್ನಡಿಯಲ್ಲಿ ಉಗುರಿನಷ್ಟು ಮಂಜು. ಅಂಗಿಯ ತುದಿಯಿಂದ ಒರೆಸಿ, "ಇನ್ನೊಂದು ಸಲ" ಎಂದಳು.