ಮ್ಯೂನಿಕ್‌ನಲ್ಲಿ ರೂಮು ಹುಡುಕುವ ಕರ್ಮ

ಜರ್ಮನಿಗೆ ಓದಲು ಬರಬೇಕಾದರೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೊ ತೋರಿಸಬೇಕು. ಅದರಿಂದ ತಿಂಗಳಿಗೆ 992 ಯೂರೊ ಕೈಗೆ ಬರುತ್ತದೆ. ಸರಿ, ಅಪ್ಪ ಸಾಲ ಮಾಡಿ ಇಟ್ಟರು. ಆದರೆ ಈ ಊರಲ್ಲಿ ಮೂರು ಜನರ ಫ್ಲ್ಯಾಟಿನ ಒಂದು ಸಣ್ಣ ರೂಮಿಗೇ 800 ಯೂರೊ ಕೇಳುತ್ತಾರಲ್ಲ, ಹೆಲ್ತ್ ಇನ್ಶೂರೆನ್ಸ್ ಬೇರೆ ನೂರು ದಾಟುತ್ತದೆ, ಮಿಕ್ಕಿದ್ದರಲ್ಲಿ ಏನು ತಿನ್ನೋದು?

ದುಡ್ಡಿನ ಮಾತು ಹಾಳಾಗಿ ಹೋಗಲಿ. ನನಗೆ ಮೈ ಉರಿಯೋದು ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿಯ ವಿಷಯಕ್ಕೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು ಅಂತ ಕಾನೂನಿದೆ. ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು, ಆ ಪತ್ರ ಕೊಡಲೇಬೇಕು ಅಂತಲೂ ಕಾನೂನಿದೆ. ನೋಂದಣಿ ಆಗದಿದ್ದರೆ ಟ್ಯಾಕ್ಸ್ ನಂಬರ್ ಬರಲ್ಲ, ರೆಸಿಡೆನ್ಸ್ ಪರ್ಮಿಟ್ ಅರ್ಜಿ ಮುಂದಕ್ಕೆ ಹೋಗಲ್ಲ. ಇಷ್ಟೆಲ್ಲ ಇದ್ದೂ ಜಾಹೀರಾತಿನಲ್ಲಿ ರಾಜಾರೋಷವಾಗಿ ಬರೆದಿರುತ್ತಾರೆ, 'ಆನ್‌ಮೆಲ್ಡುಂಗ್ ಸಾಧ್ಯವಿಲ್ಲ' ಅಂತ. ಬಾಡಿಗೆಯಲ್ಲಿ ಮಾತ್ರ ಒಂದು ಯೂರೊ ಕಮ್ಮಿ ಇಲ್ಲ. ಅಲ್ಲಿ ಇರಬಹುದಂತೆ, ಮಲಗಬಹುದಂತೆ, ದುಡ್ಡು ಕೊಡಬಹುದಂತೆ, ಕಾಗದದ ಮೇಲೆ ಮಾತ್ರ ಇರಬಾರದಂತೆ!

ಇದರಲ್ಲಿ ನಮ್ಮವರದ್ದೂ ಪಾಲಿದೆ. ಒಬ್ಬ ಮಹಾನುಭಾವರು ಕನ್ನಡದಲ್ಲೇ ಮಾತಾಡಿದರು, 'ನಾನು ನಿಮ್ಮ ಅಣ್ಣ ಇದ್ದ ಹಾಗೆ' ಅಂದರು. ಹೋಗಿ ನೋಡಿದರೆ ಎರಡು ರೂಮಿನ ಮನೆಯಲ್ಲಿ ಐದು ಹಾಸಿಗೆ. ನನಗೆ ಅಂತ ತೋರಿಸಿದ್ದು ಅಡುಗೆಮನೆ ಬಾಗಿಲ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ ಮ್ಯಾಟ್ರೆಸ್. ಕಾಲಿಂಗ್ ಬೆಲ್ ಮೇಲೆ ಅವರೊಬ್ಬರದೇ ಹೆಸರು. ಮಾಲೀಕರಿಗೆ ಗೊತ್ತಾ ಅಂತ ಕೇಳಿದ್ದಕ್ಕೆ, 'ಅವರು ಬಂದಾಗ ಸ್ವಲ್ಪ ಹೊರಗೆ ಸುತ್ತಾಡಿಕೊಂಡು ಬನ್ನಿ ಅಷ್ಟೇ' ಅಂದರು. ಎಂಥ ಅಣ್ಣನಪ್ಪ!

ಇನ್ನು ಇಲ್ಲಿಯವರ ಫ್ಲ್ಯಾಟಿಗೆ ಸೇರಬೇಕಂದ್ರೆ ಅಲ್ಲಿರುವ ಹುಡುಗ ಹುಡುಗಿಯರೆಲ್ಲ ಒಟ್ಟಿಗೆ ಕೂತು ಇಂಟರ್‌ವ್ಯೂ ಮಾಡುತ್ತಾರೆ. ಥೇಟ್ ಹೆಣ್ಣು ನೋಡುವ ಶಾಸ್ತ್ರ, ಉಪ್ಪಿಟ್ಟು ಕೇಸರಿಭಾತ್ ಒಂದಿಲ್ಲ. ಹವ್ಯಾಸ ಏನು, ರಾತ್ರಿ ಎಷ್ಟಕ್ಕೆ ಮಲಗ್ತೀಯಾ, ದಿನಾ ಅಡುಗೆ ಮಾಡ್ತೀಯಾ, ವಾಸನೆ ಬರುತ್ತಾ? ನಗುನಗುತ್ತಾ ಕೇಳಿ, ಬಿಯರ್ ಕೊಟ್ಟು, ಬಾಗಿಲವರೆಗೂ ಬಂದು ಕಳಿಸುತ್ತಾರೆ. ಆಮೇಲೆ ಸುದ್ದಿಯೇ ಇಲ್ಲ. ಆಗಲ್ಲ ಅಂತ ಒಂದು ಸಾಲು ಬರೆದರೆ ಇವರ ಗಂಟೇನು ಹೋಗುತ್ತೆ?

ಶೂಫಾ ಅಂತ ಇನ್ನೊಂದಿದೆ. ಸಾಲ, ಬಿಲ್ಲು ಸರಿಯಾಗಿ ಕಟ್ಟಿದ್ದೀಯ ಅಂತ ತೋರಿಸಲು ಮನೆ ಕೊಡುವವರು ಕೇಳೋ ದಾಖಲೆ. ನಿನ್ನೆ ಮೊನ್ನೆ ವಿಮಾನ ಇಳಿದವನ ಹತ್ತಿರ ಅದು ಎಲ್ಲಿಂದ ಬರಬೇಕು? ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಬೈದುಕೊಂಡು ಬಂದವನು ನಾನು. ಇಲ್ಲಿ ಡೆಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆ ದಾಟುವಂತಿಲ್ಲ, ಅದನ್ನೂ ಮೂರು ಕಂತಲ್ಲಿ ಕಟ್ಟುವ ಹಕ್ಕಿದೆ ಅಂತ ಓದಿ ಖುಷಿಪಟ್ಟಿದ್ದೆ. ಕಂತು ಅಂತ ಒಮ್ಮೆ ಬಾಯಿ ಬಿಟ್ಟು ನೋಡಿ, ಮರುಕ್ಷಣ ರೂಮು ಬೇರೆಯವರ ಪಾಲಾಗಿರುತ್ತದೆ.

ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೇನೆ, ಸರದಿ ಸೆಮಿಸ್ಟರ್‌ಗಳ ಲೆಕ್ಕದಲ್ಲಿದೆ. ಪದವಿ ಮುಗಿಸಿ ಹೊರಡುವಾಗ ಬೀಗದ ಕೈ ಕೊಡಬಹುದು. ಯೂನಿವರ್ಸಿಟಿಯಲ್ಲಿ ಸೀಟು ಕೊಡುವಾಗ ಎಲ್ಲಿ ಇರ್ತೀಯಪ್ಪ ಅಂತ ಒಬ್ಬರೂ ಕೇಳಲ್ಲ, ಸ್ವಾಗತದ ಇಮೇಲ್ ಮಾತ್ರ ದಿನಾ ಬರುತ್ತದೆ. ಅದರ ಮೇಲೆ ನಾವು ಬಂದಿಳಿಯುವ ಸೆಪ್ಟೆಂಬರ್ ಕೊನೆಗೇ ಅಕ್ಟೋಬರ್‌ಫೆಸ್ಟ್ ಅನ್ನೋ ಬಿಯರ್ ಜಾತ್ರೆ ಬೇರೆ. ಪ್ರವಾಸಿಗಳ ಡಾರ್ಮಿಟರಿಯಲ್ಲಿ ಒಂದು ಬಂಕ್ ಬೆಡ್ ಕೇಳಿದರೂ ರೇಟು ನೋಡಿ ತಲೆ ತಿರುಗುತ್ತದೆ.

ಊರಿಂದ ಚಿಕ್ಕಪ್ಪ ಫೋನ್ ಮಾಡಿ 'ಅಷ್ಟು ದೊಡ್ಡ ದೇಶದಲ್ಲಿ ಒಂದು ರೂಮು ಸಿಗಲ್ವೇನೋ' ಅಂತಾರೆ. ಸಿಗಲ್ಲ ಚಿಕ್ಕಪ್ಪ, ಸಿಗಲ್ಲ!

ಮ್ಯೂನಿಕ್‌ನಲ್ಲಿ ಯಾರಾದರೂ ರೂಮು ಖಾಲಿ ಮಾಡ್ತಿದ್ರೆ ದಯವಿಟ್ಟು ಹೇಳಿ. ಊರಾಚೆ ಆದರೂ ಸರಿ, ಎಸ್-ಬಾನ್ ಲೋಕಲ್ ರೈಲು ಇದ್ದರೆ ಸಾಕು. ಆನ್‌ಮೆಲ್ಡುಂಗ್ ಕೊಡಲ್ಲ ಅನ್ನುವವರು ಮಾತ್ರ ಮೆಸೇಜೇ ಮಾಡಬೇಡಿ, ಅಣ್ಣಂದಿರಾದರೂ ಸರಿ.