ಸತ್ಯಾಂಶ: ಮಿಕ್ ರಾಕ್ ಚಿತ್ರಗಳು ಎಲ್‌ಎಸ್‌ಡಿಯ ಕೊಡುಗೆಯೇ?

ಬ್ರಿಟಿಷ್ ರಾಕ್ ಸಂಗೀತದ ಛಾಯಾಗ್ರಾಹಕ ಮಿಕ್ ರಾಕ್ ಅವರ ಪ್ರಸಿದ್ಧ ಚಿತ್ರಗಳೆಲ್ಲ ಮಾದಕವಸ್ತುವಾದ ಎಲ್‌ಎಸ್‌ಡಿ ಅಮಲಿನಲ್ಲೇ ಹುಟ್ಟಿದವು ಎಂಬ ಫಾರ್ವರ್ಡ್ ಸಂದೇಶ ಸರಿಯಲ್ಲ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಅವರು ಆ ಅಮಲಿನಲ್ಲಿ ಗೆಳೆಯನ ಕ್ಯಾಮೆರಾ ಎತ್ತಿಕೊಂಡು ಒಂದೇ ಸಮನೆ ಕ್ಲಿಕ್ಕಿಸಿದ್ದು ನಿಜ. ಆದರೆ, ಅವರೇ ಹೇಳಿಕೊಂಡಂತೆ, ಅದರಲ್ಲಿ ಫಿಲ್ಮೇ ಇರಲಿಲ್ಲ! 1974ರಲ್ಲಿ ಬಂದ ಕ್ವೀನ್ ಎಂಬ ರಾಕ್ ಸಂಗೀತ ತಂಡದ ಎರಡನೆಯ ಆಲ್ಬಮ್‌ನ ಮುಖಪುಟಕ್ಕೆ ಅವರು ತೆಗೆದ ಚಿತ್ರದಲ್ಲಿ ಕತ್ತಲೆಯಿಂದ ಮೂಡಿಬರುವ ನಾಲ್ಕು ಮುಖಗಳ ಹಿಂದೆ ಇರುವುದು ನಟಿ ಮರ್ಲೀನ್ ಡೀಟ್ರಿಚ್ ಅವರ ಹಳೆಯ ಭಾವಚಿತ್ರವೊಂದರ ಪ್ರೇರಣೆ ಮತ್ತು ಅಳೆದು ಹಾಯಿಸಿದ ಬೆಳಕು. ಸಂದೇಶ ಹೇಳದ ಭಾಗವೇ ನನಗೆ ಮುಖ್ಯವೆನಿಸುತ್ತದೆ: ವರ್ಷಗಟ್ಟಲೆ ಕೊಕೇನ್ ಸೇವಿಸಿದ್ದ ಅವರಿಗೆ 1996ರಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಆ ಬಳಿಕ ಕೊಕೇನ್ ತೊರೆದ ಅವರು ಚೇತರಿಸಿಕೊಂಡು ಮತ್ತೆ ಕ್ಯಾಮೆರಾ ಹಿಡಿದರು; 2021ರಲ್ಲಿ ತೀರಿಕೊಳ್ಳುವ ಮುನ್ನ ಹೊಸ ತಲೆಮಾರಿನ ಅನೇಕ ಗಾಯಕರ ಚಿತ್ರಗಳನ್ನೂ ತೆಗೆದಿದ್ದರು.