ಆ 50 ಎಂಎಲ್ ಎಲ್ಲಿ ಹೋಯ್ತು ಸ್ವಾಮಿ?

ತುಪ್ಪದ ಕಥೆ ತಮಗೆ ಗೊತ್ತೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು, ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಬಂತು. ನವೆಂಬರ್‌ನಲ್ಲಿ ಅದೇ ತುಪ್ಪ 700. ನಲವತ್ತು ಇಳಿಸಿ ತೊಂಬತ್ತು ಏರಿಸಲು ಆರೇ ವಾರ ಸಾಕಾಯಿತು. ನಡುವೆ ದೀಪಾವಳಿ ಹೋಳಿಗೆಗಾದರೂ ಅಗ್ಗದ ತುಪ್ಪ ಬಿತ್ತಲ್ಲ, ಅಷ್ಟಕ್ಕೇ ಕೈ ಮುಗಿಯೋಣ.

ಆದರೆ ತುಪ್ಪದ್ದು ಒರಟು ಕೆಲಸ. ಕುಸುರಿ ನೋಡಬೇಕೆಂದರೆ ನಂದಿನಿಯ ನೀಲಿ ಪ್ಯಾಕೆಟ್ ಹಾಲನ್ನೇ ನೋಡಬೇಕು. 2024ರ ಜೂನ್‌ವರೆಗೆ ಅರ್ಧ ಲೀಟರ್ 22 ರೂಪಾಯಿ. ಆಮೇಲೆ 550 ಎಂಎಲ್, 24 ರೂಪಾಯಿ. ಬೆಲೆ ಏರಿಸಿಲ್ಲ, ಹಾಲು ಜಾಸ್ತಿ ಕೊಟ್ಟಿದ್ದೇವೆ ಎಂದಿತು ಸರ್ಕಾರ. ಲೆಕ್ಕ ಹಾಕಿದರೆ ಸುಳ್ಳೂ ಅಲ್ಲ. ಲೀಟರಿಗೆ 44 ಬೀಳುತ್ತಿದ್ದದ್ದು 43.64ಕ್ಕೆ ಇಳಿದಿತ್ತು. ಈ 36 ಪೈಸೆ ಉಳಿಸಿಕೊಳ್ಳಲು ದಿನಾ ಎರಡು ರೂಪಾಯಿ ಹೆಚ್ಚಿಗೆ ಕೊಡಬೇಕಿತ್ತು, ಅಷ್ಟೇ. 2025ರ ಏಪ್ರಿಲ್ ಒಂದರಂದು (ದಿನ ಆರಿಸಿದವರ ರಸಿಕತೆಗೆ ಶರಣು) ಆ 50 ಎಂಎಲ್ ಬಂದ ದಾರಿಯಲ್ಲೇ ವಾಪಸ್ ಹೋಯಿತು. 24 ರೂಪಾಯಿ ಮಾತ್ರ ಹೋಗಲಿಲ್ಲ. ಲೀಟರ್ ಪ್ಯಾಕೆಟ್‌ಗೆ 46.

ಈಗ ಮಗ್ಗಿ ಹೇಳಿ: 24 ಎರಡ್ಲಿ 48. ಫ್ರಿಜ್ ಇದ್ದವರು ಲೀಟರ್ ಪ್ಯಾಕೆಟ್ ತಂದಿಡುತ್ತಾರೆ. ಫ್ರಿಜ್ ಇಲ್ಲದ ಮನೆಯವರು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ತರುತ್ತಾರೆ. ತಿಂಗಳಿಗೆ 60 ರೂಪಾಯಿ ಹೆಚ್ಚು. ಫ್ರಿಜ್ ಇಲ್ಲದಿರುವುದಕ್ಕೆ ದಂಡ ಅನ್ನಿ.

ಕೈ ಬಿಗಿಯಾದಾಗ ಜನ ಸಣ್ಣ ಪ್ಯಾಕೆಟ್‌ಗೆ ಇಳಿಯುತ್ತಾರೆ. ಬಿಸ್ಕತ್ತಿನವರಿಗೂ ಇದು ಚೆನ್ನಾಗಿ ಗೊತ್ತು. ಐದು ರೂಪಾಯಿಯ ಪ್ಯಾಕೆಟ್ ಐದೇ ರೂಪಾಯಿ, ಒಳಗಿನ ತೂಕ ಮಾತ್ರ ಕರಗುತ್ತದೆ. 55 ಗ್ರಾಂ ಅಂದರೆ ಕೆಜಿಗೆ ಸುಮಾರು 91 ರೂಪಾಯಿ. ಕೆಜಿ ಲೆಕ್ಕದಲ್ಲಿ ಬರೆದರೆ ಜನ ಬೆಚ್ಚಿಬಿದ್ದಾರು ಎಂದೋ ಏನೋ, ಒಂದು ಕೆಜಿಗಿಂತ ಕಡಿಮೆಯ ಪ್ಯಾಕೆಟ್ ಮೇಲೆ ದರವನ್ನು ಗ್ರಾಂ ಲೆಕ್ಕದಲ್ಲಿ ಬರೆಯಬೇಕು ಅನ್ನುತ್ತದೆ ನಿಯಮ. ಗ್ರಾಂಗೆ 0.09 ರೂಪಾಯಿ. ಭೂತಗನ್ನಡಿ ಹಿಡಿದು ಓದಿಕೊಳ್ಳಿ.

ಅಡುಗೆಮನೆ ಸುಮ್ಮನೆ ಕೂತಿಲ್ಲ. ಗಟ್ಟಿ ಹಾಲಿನ ಕಿತ್ತಳೆ ಪ್ಯಾಕೆಟ್ ಬರುತ್ತಿದ್ದಲ್ಲಿ ನೀಲಿ ಬಂದಿದೆ. ಕಾಫಿಪುಡಿಯಲ್ಲಿ ಚಿಕೋರಿ ಕಾಲುಭಾಗ ಇದ್ದದ್ದು ಅರ್ಧದ ಹತ್ತಿರ ಹೋಗಿದೆ. ಕಾನೂನು ಶೇ. 49ರವರೆಗೆ ಬಿಡುತ್ತದೆ, ಅದರಾಚೆ ಹೋದರೆ ಅದನ್ನು ಚಿಕೋರಿಗೆ ಕಾಫಿ ಬೆರೆಸಿದ್ದು ಎನ್ನಬೇಕಾಗುತ್ತದೆ. ಹೆಚ್ಚು ಚಿಕೋರಿಯ ಪುಡಿ ಬಿಸಿನೀರಲ್ಲಿ ಉಬ್ಬಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಒತ್ತಬೇಡಿ, ಸಡಿಲವಾಗಿ ಹಾಕಿ. ಹೋಟೆಲಿನಲ್ಲಿ ಬೈಟು ಇದ್ದೇ ಇದೆ. ಮೂರು ಕಾಫಿಗೆ ನಾಲ್ಕು ಲೋಟ ಕೇಳಿದರೂ ಮಾಣಿ ಹುಬ್ಬೇರಿಸುವುದಿಲ್ಲ.

ಇನ್ನು, ತುಪ್ಪ ಮನೆಯಲ್ಲೇ ಕಾಯಿಸಿಕೊಳ್ಳಿ ಎನ್ನುವ ಬುದ್ಧಿವಂತರು. ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು ಶೇ. 3. ಒಂದು ತೊಟ್ಟೂ ಬಿಡದೆ ತೆಗೆದರೂ ಲೀಟರ್ ತುಪ್ಪಕ್ಕೆ 30 ಲೀಟರ್ ಹಾಲು ಬೇಕು, ಅಂದರೆ 1,380 ರೂಪಾಯಿ. ಕೆನೆ ತೆಗೆದ ಹಾಲು ಕಾಫಿಗೆ ಆಗುತ್ತದೆ ನಿಜ, ಆದರೆ ಚಮಚಕ್ಕೆ ಎಲ್ಲಾ ಕೊಬ್ಬೂ ಸಿಗುವುದಿಲ್ಲ. ಪ್ಯಾಕೆಟ್ ಮೇಲೆ ಹೋಮೊಜಿನೈಸ್ಡ್ (ಕೊಬ್ಬನ್ನು ಒಡೆದು ಹಾಲಿನಲ್ಲೇ ಬೆರೆಸಿದ್ದು) ಅಂತಿದ್ದರೆ ಕೆನೆಯೇ ಸರಿಯಾಗಿ ಕಟ್ಟುವುದಿಲ್ಲ. ತಿಂಗಳಿಡೀ ಕೂಡಿಟ್ಟ ಕೆನೆಗೆ ಹೆಪ್ಪು ಹಾಕದೆ ಬಿಟ್ಟರೆ ಕಮಟು ವಾಸನೆ; ಕಾಯಿಸಿದರೂ ಹೋಗದು.

ದರ ಏರಿಸಿ, ಬೇಡ ಅಂದವರು ಯಾರು? ಹಸು ಸಾಕುವವನಿಗೂ ಹಿಂಡಿ, ಬೂಸಾದ ಖರ್ಚಿದೆ, ಅವನಿಗೆ ಸಿಗಬೇಕಾದ್ದು ಸಿಗಲಿ. ಆದರೆ ಏರಿಸಿದ್ದೇವೆ ಎಂದು ಬಾಯಿ ಬಿಟ್ಟು ಹೇಳಿ. ಪ್ಯಾಕೆಟ್ ಹಿಗ್ಗಿಸಿ, ಕುಗ್ಗಿಸಿ, ನಮ್ಮನ್ನು ಮಗ್ಗಿ ಬಾರದವರು ಅಂದುಕೊಂಡಿದ್ದೀರಲ್ಲ, ಅದು ಸಾಕಾಗಿ ಹೋಗಿದೆ.

ಅಂದಹಾಗೆ, ಹಾಲಿನ ಪ್ಯಾಕೆಟ್‌ನ ಮೂಲೆಯನ್ನು ಸಣ್ಣಗೆ ಕತ್ತರಿಸಿ. ಬಗ್ಗಿಸಿದ ಮೇಲೆ ಮೂರು ದೊಡ್ಡ ಚಮಚ ನೀರು ಬಿಟ್ಟು, ಚೆನ್ನಾಗಿ ಅಲುಗಿಸಿ, ಪಾತ್ರೆಗೇ ಸುರಿಯಿರಿ. ಹೋದ 50 ಎಂಎಲ್ ವಾಪಸ್ ಬಂತು.